ಕೋಳಿಯ ಕಾಲ ಕೆಳಗೆ

ಹೊನ್ನೀ, ಕಲ್ಲು ಕೆಳಗಿಡು. ಇಡು ಅಂದೆ! ಕೋಳಿ ರಾಗಿ ಚೆಲ್ಲಿದ್ರೆ ಚೆಲ್ಲಲಿ, ಆಮೇಲೆ ಗುಡಿಸ್ಕೊಂಡ್ರಾಯ್ತು. ನೀನು ಎಷ್ಟು ಬೈದ್ರೂ ಅದು ಚಾಪೆ ಮೇಲೆ ನಿಂತು ಕೆದರೋದು ಬಿಡಲ್ಲ. ಮುಂದೆ ಇಷ್ಟೊಂದು ರಾಶಿ ಇದೆ, ಸುಮ್ನೆ ತಿನ್ಬಾರ್ದಾ ಅಂತ ನಿನಗನ್ಸುತ್ತೆ. ಅದಕ್ಕೂ ಹಾಗೇ ಅನ್ಸುತ್ತೆ, ಪಾಪ. ಆದ್ರೆ ಅದರ ತಲೇಲಿ ಒಂದು ಗೊಂದಲ ಕೂತಿದೆ, ತುಂಬ ಹಳೇ ಗೊಂದಲ.

ಬಾ, ಈ ಹೊಂಗೆ ನೆರಳಲ್ಲಿ ಕೂತ್ಕೋ. ಬೆಳಿಗ್ಗೆ ತಟ್ಟೆ ತಳ್ಳಿ "ದಿನಾ ಮುದ್ದೇನಾ ಅಜ್ಜೀ" ಅಂದ್ಯಲ್ಲ, ನೀನೂ ಈ ಕತೆ ತಿಳ್ಕೊಬೇಕು.

ಆಗ ಭೂಮಿ ಇನ್ನೂ ಹಸಿಹಸಿ. ಬೆಟ್ಟಗಳಿಗೆ ಎಲ್ಲಿ ಕೂರಬೇಕು ಅಂತ ಗೊತ್ತಿರ್ಲಿಲ್ಲ. ಹೊಳೆಗಳು ಇಳಿಜಾರು ಯಾವ ಕಡೆಗೆ ಅಂತ ಒಂದನ್ನೊಂದು ಕೇಳ್ತಾ ಓಡಾಡ್ತಿದ್ವು. ರಾಗಿ ತನ್ನಷ್ಟಕ್ಕೆ ತಾನೇ ಬೆಳೀತಿತ್ತು, ತಾನೇ ಉದುರ್ತಿತ್ತು. ಎಲ್ಲರೂ ಎಲ್ಲರ ಹತ್ರನೂ ಮಾತಾಡ್ತಿದ್ರು.

ಆ ಕಾಲದಲ್ಲಿ ಕೋಳಿ ಕೆದರ್ತಾನೇ ಇರ್ಲಿಲ್ಲ. ಬೆಳಿಗ್ಗೆ ಎದ್ದು ರೆಕ್ಕೆಗೆ ಬಿಸಿಲು ಹಾಕ್ಕೊಳ್ಳೋದು. ಉದುರಿದ ರಾಗಿ ತಿನ್ನೋದು. ಮಧ್ಯಾಹ್ನ ಬೆಚ್ಚಗಿನ ಮಣ್ಣಲ್ಲಿ ಹೊರಳಾಡಿ, ಹೊಂಗೆ ಮರದ ಕೆಳಗೆ ಒಂದು ನಿದ್ದೆ. ಮಳೆ ಬಿದ್ದ ಸಂಜೆ ಗೆದ್ದಲುಹುಳ ಎದ್ರೆ ಅದೇ ಹಬ್ಬ. ಮಾರನೇ ದಿನ ಮತ್ತೆ ಬಿಸಿಲು, ಮತ್ತೆ ರಾಗಿ, ಮತ್ತೆ ಮಣ್ಣು. ಅದಕ್ಕೆ ಯಾವ ಚಿಂತೆನೂ ಇರ್ಲಿಲ್ಲ.

ಅದಕ್ಕೆ ನಾಲ್ಕು ಮರಿ. ಐದೋ? ಐದೇ ಇರ್ಬೇಕು, ಯಾಕಂದ್ರೆ ನಾಲ್ಕರ ಮೇಲೆ ಬಂದ ಕೊನೇದಕ್ಕೆ ಕಡೇಹುಟ್ಟು ಅಂತ ಹೆಸರು. ಮೊಟ್ಟೆಯಿಂದ ಬರೋದಕ್ಕೂ ಯೋಚಿಸಿ ಯೋಚಿಸಿ ಬಂದಿದ್ದು ಅದು.

ಒಂದು ದಿನ ಮೇಲಿಂದ ಒಂದು ಕೊಕ್ಕರೆ ಬಂದು ಇಳೀತು. ಉದ್ದ ಕಾಲು, ಉದ್ದ ಕತ್ತು, ಮಾತು ಅದಕ್ಕಿಂತ ಉದ್ದ.

"ಏನು ತಿಂತಿದೀರ? ರಾಗೀನಾ? ಅಯ್ಯಯ್ಯೋ! ನಾನು ಎಷ್ಟು ಕೆರೆ ದಾಟಿ ಬಂದಿದೀನಿ ಗೊತ್ತಾ? ಈ ಲೋಕದಲ್ಲಿ ಎಲ್ಲಕ್ಕಿಂತ ರುಚಿಯಾದದ್ದು ಒಂದಿದೆ. ಅದನ್ನ ತಿಂದವರಿಗೆ ಬೇರೇನೂ ಬೇಡ ಅನ್ಸುತ್ತಂತೆ!"

"ಹೌದಾ? ಏನದು?" ಅಂತು ಕೋಳಿ.

"ಅದು... ಅದರ ಹೆಸರು... ನಾಲಿಗೆ ತುದೀಲೇ ಇದೆ ನೋಡು," ಅಂತ ಕೊಕ್ಕರೆ ಕತ್ತು ಕೊಂಕಿಸ್ತು, ನೆನಪಾಗ್ಲಿಲ್ಲ. ಹಾರಿ ಹೋಯ್ತು.

ಕೆಟ್ಟ ಕೊಕ್ಕರೆ! ಬಂದ್ಯಾ, ನೀರು ಕುಡಿದ್ಯಾ, ಹೋದ್ಯಾ ಅಂತ ಇರ್ಬಾರ್ದಾ? ಮಕ್ಕಳಿರೋ ಮನೇಲಿ ಹೀಗೆಲ್ಲ ಮಾತಾಡೋದಾ?

ಸಂಜೆ ಊಟದ ಹೊತ್ತಿಗೆ ಕಡೇಹುಟ್ಟು ಬಾಯಿ ಮುಚ್ಕೊಂಡು ಕೂತ್ಬಿಡ್ತು.

"ನನಗೆ ರಾಗಿ ಬೇಡವ್ವ. ಅದು ಬೇಕು."

"ಯಾವುದು ಮಗಾ?"

"ಅದೇ, ಕೊಕ್ಕರೆ ಹೇಳಿದ್ದು."

ಕೋಳಿ ಗದರಿಸ್ತು, ಮುದ್ದು ಮಾಡ್ತು. ಒಂದು ಗೆದ್ದಲುಹುಳ ತಂದಿಡ್ತು. ಮರಿ ಮುಖ ತಿರುಗಿಸ್ತು. ಮಾರನೇ ದಿನಾನೂ ತಿನ್ಲಿಲ್ಲ. ಕತ್ತಿನ ಪುಕ್ಕ ನೆಟ್ಟಗೆ ನಿಲ್ಲದೆ ಜೋಲು ಬಿತ್ತು. ಅದಾದ ಮೇಲೆ ಅದಕ್ಕೆ ಎದ್ದು ನಿಲ್ಲೋದಕ್ಕೂ ಆಗ್ಲಿಲ್ಲ. ಇನ್ನೊಂದು ಹಗಲು ಹೀಗೇ ಕಳೆದ್ರೆ ಮಗು ಉಳಿಯಲ್ಲ ಅಂತ ತಾಯಿಗೆ ಗೊತ್ತಾಯ್ತು.

"ನೀವೆಲ್ಲ ಇವನನ್ನ ಬೆಚ್ಚಗಿಟ್ಕೊಳ್ಳಿ. ಅದು ಎಲ್ಲಿದ್ರೂ ತರ್ತೀನಿ," ಅಂತ ಮಿಕ್ಕ ಮರಿಗಳಿಗೆ ಹೇಳಿ ಹೊರಟೇಬಿಡ್ತು. ಏನು ತರ್ಬೇಕು ಅಂತ ಮಾತ್ರ ಗೊತ್ತಿಲ್ಲ! ಹೆಸರಿಲ್ಲ, ಬಣ್ಣ ಗೊತ್ತಿಲ್ಲ, ಉಂಡೆನೋ ಉದ್ದನೋ ಅದೂ ಗೊತ್ತಿಲ್ಲ.

ದಾರೀಲಿ ಇರುವೆ ಸಿಕ್ತು.

"ಎಲ್ಲಕ್ಕಿಂತ ರುಚಿಯಾದದ್ದು ಯಾವುದಮ್ಮಾ?"

"ಇದೂ ಕೇಳೋ ಮಾತಾ? ಸಿಹಿಯಾಗಿರ್ಬೇಕು, ಅಂಟಂಟಾಗಿರ್ಬೇಕು."

ಸರಿ, ಸಿಹಿ, ಅಂಟು ಅಂತ ಬಾಯಿಪಾಠ ಮಾಡ್ಕೊಂಡು ಮುಂದೆ ಹೋದ್ರೆ ಕೆರೇಲಿ ಎಮ್ಮೆ ಮಲಗಿತ್ತು. ಅದು ಒಂದು ಕಣ್ಣು ಮಾತ್ರ ತೆಗೀತು.

"ಅಂಟಾ? ಥೂ! ನೀರಲ್ಲಿ ನೆಂದು ತಣ್ಣಗಿರೋ ಜೊಂಡುಹುಲ್ಲೇ ರುಚಿ."

ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ, ಹಾಗಾಯ್ತು. ಅಂಟಾಗಿ ತಣ್ಣಗಿರುತ್ತಾ? ಸಿಹಿಯಾಗಿ ನೆಂದಿರುತ್ತಾ? ಕೋಳಿ ಒಂದು ಸಲ ಈ ಕಣ್ಣಲ್ಲಿ ಎಮ್ಮೇನ ನೋಡ್ತು, ಒಂದು ಸಲ ಆ ಕಣ್ಣಲ್ಲಿ ನೋಡ್ತು. ಅರ್ಥ ಆಗ್ಲಿಲ್ಲ. ನೋಡು ನೋಡು, ಈಗಲೂ ನಿನ್ನನ್ನ ಹಾಗೇ ನೋಡ್ತಿದೆ.

ಆಮೇಲೆ ಇನ್ಯಾರನ್ನೋ ಕೇಳ್ತು. ಅಳಿಲನ್ನೋ ಆಮೇನೋ, ಮರ್ತೋಯ್ತು ನನಗೆ. ಒಟ್ನಲ್ಲಿ ಅವರೂ ಇನ್ನೊಂದೇನೋ ಹೇಳಿದ್ರು. ತಮ್ಮ ತಮ್ಮ ತಟ್ಟೇಲಿರೋದನ್ನೇ ಎಲ್ಲರೂ ಹೇಳ್ತಿದಾರೆ ಅಂತ ಅದಕ್ಕೆ ಹೊಳೀಬಾರ್ದಾ? ಹೊಳೀಲಿಲ್ಲ. ಹೆದರಿದ ತಾಯಿಗೆ ಏನು ತಾನೇ ಹೊಳೆಯುತ್ತೆ ಹೇಳು. ಹೊತ್ತು ಇಳೀತಿತ್ತು, ಮಗು ಅಲ್ಲಿ ಉಸಿರು ಹಿಡ್ಕೊಂಡು ಕೂತಿತ್ತು. ಕೋಳಿ ಹೊಲದ ಮಧ್ಯೆ ನಿಂತು ಅತ್ತೇಬಿಡ್ತು.

ಆಗ ಗಾಳಿ ಬಂತು. ಗಾಳಿ ಎಲ್ಲರ ಮನೆ ಅಡುಗೆನೂ ಮೂಸಿರೋದು, ಅದಕ್ಕೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಆದ್ರೆ ಒಂದು ಕಡೆ ನಿಂತು ಮಾತಾಡೋ ಅಭ್ಯಾಸ ಇಲ್ಲ.

"ಅಳ್ತೀಯಾಕೆ? ನಿನ್ನ ಕಾಲ ಕೆಳಗೇ ಇದ್ಯಲ್ಲೇ!" ಅಂತ ಓಡ್ತಾ ಓಡ್ತಾನೇ ಕೂಗಿ ಹೋಯ್ತು.

ಕಾಲ ಕೆಳಗಾ? ಕೋಳಿ ಬಲಗಾಲು ಎತ್ತಿ ನೋಡ್ತು. ಏನಿಲ್ಲ. ಎಡಗಾಲು ಎತ್ತಿ ನೋಡ್ತು. ಮಣ್ಣು. ಒಳಗೆ ಹೂತಿರ್ಬೇಕು ಅಂತ ಕಾಲಲ್ಲಿ ಸರಕ್ ಸರಕ್ ಅಂತ ಕೆದರ್ತು. ಒಂದು ಹೆಜ್ಜೆ ಹಿಂದೆ ಸರಿದು ಬಗ್ಗಿ ನೋಡ್ತು. ಇಲ್ಲ!

ಆಗ ಅದಕ್ಕೆ ಒಂದು ಯೋಚನೆ ಬಂತು. ಅಯ್ಯೋ, ಈಗ ನನ್ನ ಕಾಲು ಅಲ್ಲಿಲ್ಲ, ಇಲ್ಲಿದೆಯಲ್ಲ! ಹಾಗಾದ್ರೆ ಅದೂ ಇಲ್ಲೇ ಇರ್ಬೇಕು. ಮತ್ತೆ ಕೆದರ್ತು, ಮತ್ತೆ ಹಿಂದೆ ಸರಿದು ನೋಡ್ತು. ಈಗ ಕಾಲು ಇನ್ನೊಂದು ಕಡೆ! ಅಲ್ಲಿ ಕೆದರ್ತು. ಹೀಗೆ ಕೆದರೋದು, ಹಿಂದೆ ಸರಿಯೋದು, ನೋಡೋದು.

ಭೂಮಿಗೆ ಕಚಗುಳಿ ಆಯ್ತು. "ಏನೇ ಹುಡುಕ್ತಿದೀಯಾ?"

"ಗೊತ್ತಿಲ್ಲ ತಾಯಿ."

"ಗೊತ್ತಿಲ್ಲದೇ ಇರೋದನ್ನ ಎಲ್ಲಿಟ್ಟಿದೀನಿ ಅಂತ ನಾನು ಹೇಗೆ ಹೇಳ್ಲೇ?" ಅಂತು ಭೂಮಿ. ಈಗ ಅದಕ್ಕೂ ತಲೆ ಕೆಟ್ಟೋಯ್ತು.

ಹಿಂದೆ ಹಿಂದೆ ಹಿಂದೆ ಹೋಗ್ತಾ ಕೋಳಿ ಕೆರೆ ದಾಟ್ತು, ಇರುವೆ ಗೂಡು ದಾಟ್ತು. ಎಲ್ಲಿಗೆ ಹೋಗ್ತಿದೀನಿ ಅಂತ ಅದಕ್ಕೆ ಗೊತ್ತಿರ್ಲಿಲ್ಲ, ಬೆನ್ನ ಹಿಂದೆ ಕಣ್ಣಿರುತ್ತಾ? ಕೊನೆಗೆ ಬಾಲಕ್ಕೆ ಏನೋ ಡಿಕ್ಕಿ ಹೊಡೀತು. ತಿರುಗಿ ನೋಡಿದ್ರೆ ತನ್ನದೇ ಹೊಂಗೆ ಮರ! ಬುಡದಲ್ಲಿ ಮರಿಗಳು, ಮಧ್ಯೆ ಕಡೇಹುಟ್ಟು. ಕತ್ತು ನೆಲಕ್ಕೆ ಹಾಕಿ ಮಲಗಿತ್ತು.

"ಸಿಕ್ತೇನವ್ವಾ?" ಅಂತು. ದನಿ ಎಲೆ ಅಲ್ಲಾಡಿದಷ್ಟೇ ಇತ್ತು.

ಬರಿಗೈಲಿ ಬಂದ ತಾಯಿ ಏನಂತಾಳೆ? ಗಾಬರೀಲಿ ನಿಂತ ಜಾಗದಲ್ಲೇ ಮತ್ತೊಂದು ಸಲ ಸರಕ್ಕನೆ ಕೆದರ್ತು. ಒದ್ದೆ ಮಣ್ಣಿನ ಜೊತೆ ಒಂದು ಕಾಳು ಮೇಲೆ ಎಗರಿ ಬಿತ್ತು. ಸಂಜೆ ಬಿಸಿಲಿಗೆ ಮಿಣಕ್ ಅಂತು. ಪುಟ್ಟದು, ಗುಂಡಗೆ, ಕೆಂಪಗೆ.

ಕೋಳಿಗೆ ಏನಾಯ್ತೋ ಏನೋ. "ಇದೇ! ಇದೇ! ಬನ್ರೋ, ಬನ್ರೋ, ಸಿಕ್ತು!" ಅಂತ ಕೊಕ್ ಕೊಕ್ ಕೊಕ್ ಅಂತ ಕೂಗ್ಬಿಡ್ತು. ಮರಿಗಳೆಲ್ಲ ಬಿದ್ದೂ ಎದ್ದೂ ಓಡಿ ಬಂದ್ವು. ಅಷ್ಟು ಖುಷಿಯಾಗಿ ಅವ್ವ ಕೂಗಿದ್ದನ್ನ ಅವು ಕೇಳೇ ಇರ್ಲಿಲ್ಲ. ಕಡೇಹುಟ್ಟೂ ತೆವಳ್ಕೊಂಡು ಬಂತು. ಅವ್ವ ಆ ಕಾಳನ್ನ ಅದರ ಮುಂದಕ್ಕೇ ತಳ್ತು. ಮರಿ ಕುಕ್ಕಿ ನುಂಗ್ತು.

"ಹ್ಯಾಗಿದೆಯೋ?"

"ತುಂಬಾ ಚೆನ್ನಾಗಿದೆ ಕಣವ್ವ! ಇನ್ನೊಂದು!"

ಇನ್ನೊಂದು ಕೆದರಿ ಕರೀತು. ಮತ್ತೊಂದು ಕೆದರಿ ಕರೀತು. ಹೊಟ್ಟೆ ತುಂಬಿದ ಮೇಲೆ ಮರಿ ಕತ್ತು ಓರೆ ಮಾಡಿ ಕೇಳ್ತು.

"ಅವ್ವಾ, ಇದು ರಾಗಿ ಅಲ್ವಾ?"

"ಹಾಗೇ ಕಾಣ್ಸುತ್ತೆ ಮಗಾ."

"ಮತ್ತೆ ಕೊಕ್ಕರೆ ಹೇಳಿದ್ದು?"

"ಇದೇ ಇರ್ಬೇಕು. ಇಲ್ದಿದ್ರೂ ಇರ್ಬೋದು. ನನಗೂ ಗೊತ್ತಾಗ್ತಿಲ್ಲ ಕಣೋ," ಅಂತು ಕೋಳಿ. "ಆದ್ರೆ ನೀನು ತಿಂದ್ಯಲ್ಲ, ಸಾಕು ನನಗೆ." ಅಂದು ಅದನ್ನ ರೆಕ್ಕೆ ಒಳಗೆ ಎಳ್ಕೊಂಡು ಮತ್ತೆ ಅತ್ತೇಬಿಡ್ತು.

ಗಾಳಿ ವಾಪಸ್ ಬಂದು ನಕ್ಕು ಕೇಳ್ತು, "ನಾನು ಹೇಳ್ಲಿಲ್ವೇನೇ?"

"ಹೇಳ್ದೆ ಮಾರಾಯ, ಆದ್ರೆ ಕಾಲು ಎಲ್ಲಿದ್ದಾಗ ಅಂತ ಹೇಳ್ಲಿಲ್ವಲ್ಲ!"

ಗಾಳಿ ಹೊಂಗೆ ಎಲೆ ಅಲ್ಲಾಡಿಸಿ ಓಡಿಹೋಯ್ತು. ನಗಬೇಡ ಹೊನ್ನೀ, ನಾನಾಗಿದ್ರೂ ಹಾಗೇ ಓಡ್ತಿದ್ದೆ. ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ತುಪ್ಪಕ್ಕೆ ಅಲೆದ್ರು ಅಂತ ನಮ್ಮವ್ವ ಬೈತಿದ್ಳು. ಆದ್ರೆ ಅಲೀದೇ ಇದ್ದಿದ್ರೆ ಆ ಮರಿ ಬಾಯಿ ತೆಗೀತಿತ್ತಾ? ಯಾರಿಗೆ ಗೊತ್ತು. ನನಗೆ ಈಗ ಒಲೆ ಮೇಲಿಟ್ಟಿದ್ದು ಹುರುಳಿ ಸಾರೋ ಅವರೆಕಾಳು ಸಾರೋ ಅನ್ನೋದೇ ನೆನಪಾಗ್ತಿಲ್ಲ. ಎದ್ದೇಳು, ಮುಚ್ಚಳ ತೆಗೆದು ನೋಡ್ಬಿಡೋಣ.

ಎಲ್ಲಿ ಓಡ್ತೀಯೇ, ನಿಲ್ಲು, ಆ ಕೋಳಿ ಕೂಗ್ತಿರೋದನ್ನ ಕೇಳು ಮೊದ್ಲು. ಇವತ್ತಿಗೂ ಕೋಳಿ ರಾಗಿ ರಾಶಿ ಮೇಲೇ ನಿಂತಿದ್ರೂ ಒಂದು ಸಲ ಕೆದರಿ, ಹಿಂದೆ ಸರಿದು, ಈ ಕಣ್ಣಲ್ಲೊಮ್ಮೆ ಆ ಕಣ್ಣಲ್ಲೊಮ್ಮೆ ನೋಡಿ, ದಿನಾ ತಿನ್ನೋ ಅದೇ ಒಂದು ಕಾಳು ಕಂಡ ತಕ್ಷಣ "ಸಿಕ್ತು, ಬನ್ರೋ!" ಅಂತ ಮಕ್ಕಳನ್ನೆಲ್ಲ ಕೂಗಿ ಕರೆಯೋದು ಅದಕ್ಕೇ.