ಚೆಲುವಿ ಕೊಂಡ ಹೆಡ್‌ಫೋನ್

ತೇಗದ ಮರಗಳೇ ತುಂಬಿದ್ದ ಒಂದು ಕಾಡಿನಲ್ಲಿ ಚೆಲುವಿ ಎಂಬ ಮೊಲ ಇದ್ದಳು. ಅವಳಿಗೆ ರೇಡಿಯೊ ಎಂದರೆ ಪ್ರಾಣ. ಎತ್ತರದ ಮರದ ತುದಿಯಲ್ಲಿ ಕುಳಿತು ಕಾಜಾಣ ಹಕ್ಕಿ ರೇಡಿಯೊದಲ್ಲಿ ಮಧ್ಯಾಹ್ನದ ಕಥೆ ಓದುತ್ತಿತ್ತು. ಅದನ್ನು ಕೇಳುತ್ತಾ ಹುಲ್ಲು ಮೇಯುವುದೇ ಚೆಲುವಿಯ ಸುಖ.

ಆದರೆ ಕಾಡಿನಲ್ಲಿ ಎಲ್ಲರ ಹತ್ತಿರವೂ ಒಂದೊಂದು ಪುಟ್ಟ ರೇಡಿಯೊ ಇತ್ತು. ಒಬ್ಬರಿಗೆ ಹಾಡು, ಇನ್ನೊಬ್ಬರಿಗೆ ವಾರ್ತೆ. ಗಲಾಟೆಯೋ ಗಲಾಟೆ! ಕೊನೆಗೆ ಕಾಡಿನ ಹಿರಿಯಳಾದ ಆನೆಯಜ್ಜಿಗೆ ತಲೆ ಚಿಟ್ಟುಹಿಡಿಯಿತು.

"ನಾಳೆಯಿಂದ ರೇಡಿಯೊ ಕೇಳೋರು ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಇಲ್ಲಾಂದ್ರೆ ಕೇಳಲೇಬೇಡಿ" ಎಂದು ಅವಳು ಅಪ್ಪಣೆ ಮಾಡಿದಳು.

ಪಾಪ, ಚೆಲುವಿಯ ಹತ್ತಿರ ಹೆಡ್‌ಫೋನ್ ಎಲ್ಲಿಂದ ಬರಬೇಕು? ಕಥೆಯಿಲ್ಲದೆ ಅವಳಿಗೆ ಹುಲ್ಲೂ ರುಚಿಸಲಿಲ್ಲ.

ಅಷ್ಟರಲ್ಲೇ ಆಲದ ಮರದ ಕೆಳಗೆ ನರಿ ಹೆಡ್‌ಫೋನ್ ಅಂಗಡಿ ತೆರೆದ. ಬೇಟೆಯಾಡುವ ನರಿಗೆ ವ್ಯಾಪಾರದ ಹುಚ್ಚು ಯಾಕೆ ಹಿಡಿಯಿತು ಎಂದು ಯಾರೂ ಕೇಳಲಿಲ್ಲ. ಕೇಳಬೇಕಿತ್ತು. ಬೇಸಿಗೆ ಬಂದಿತ್ತು. ತೇಗದ ಒಣ ಎಲೆಗಳು ನೆಲದ ತುಂಬ ಹಪ್ಪಳದ ಹಾಗೆ ಹರಡಿದ್ದವು. ನರಿ ಒಂದು ಹೆಜ್ಜೆ ಇಟ್ಟರೆ ಸಾಕು, ಚರ್ ಎಂದು ಸದ್ದಾಗಿ ಮೊಲಗಳು ಪರಾರಿಯಾಗುತ್ತಿದ್ದವು. ನರಿಯ ಹೊಟ್ಟೆ ಬೆನ್ನಿಗೆ ಅಂಟಿತ್ತು.

"ಬಾರಮ್ಮ ಚೆಲುವಿ, ಬಾ" ಎಂದು ನರಿ ಬೆಲ್ಲದಂಥ ಮಾತಾಡಿ ಕರೆದ. ಕಪ್ಪಗೆ ಮಿರಮಿರ ಮಿಂಚುವ, ತೆಂಗಿನ ಚಿಪ್ಪಿನಷ್ಟು ದೊಡ್ಡ ಹೆಡ್‌ಫೋನನ್ನು ಅವಳ ತಲೆಗೆ ಏರಿಸಿದ. ಕಾಜಾಣದ ದನಿ ಎದೆಯೊಳಗೇ ಮಾತಾಡಿದಂತೆ ಕೇಳಿಸಿತು. ಸುತ್ತಲಿನ ಕಾಡು ಮಾತ್ರ ಮೂಕವಾಯಿತು. ಚೆಲುವಿಗೆ ಆಸೆಯೇನೋ ಆಯಿತು. ಆದರೆ ಭಾರಕ್ಕೆ ಕಿವಿಗಳು ಮಡಚಿಕೊಂಡವು, ಕತ್ತು ಬಾಗಿ ಮೂಗು ನೆಲಕ್ಕೆ ತಾಗಿತು.

"ಬೆಲೆ ಎಷ್ಟು ನರಿಯಣ್ಣ?"

"ಬೇಸಿಗೆಗೆ ಅಂತ ಕೂಡಿಟ್ಟಿದ್ದೀಯಲ್ಲ, ಆ ಗೆಣಸಷ್ಟೂ ಕೊಡು. ನಿನಗೆ ಅಂತ ಹೇಳ್ತಾ ಇದ್ದೀನಿ. ಹೊರಗಿನ ಸದ್ದು ಒಂಚೂರೂ ಕೇಳಿಸಲ್ಲ ನೋಡು!"

"ಯೋಚನೆ ಮಾಡ್ತೀನಿ ಅಣ್ಣ" ಎಂದು ಚೆಲುವಿ ಮೆಲ್ಲಗೆ ಜಾರಿಕೊಂಡಳು.

ಪಕ್ಕದ ಪೊದೆಯ ಮೊಲ ಬೋರಣ್ಣ ಮಾತ್ರ ಗೆಣಸೆಲ್ಲ ಸುರಿದು ಅದನ್ನೇ ಕೊಂಡ. ಹಾಕಿಕೊಂಡು ಕಾಡೆಲ್ಲ ಮೆರೆದ.

ಚೆಲುವಿ ಹೊಳೆಯಂಚಿಗೆ ಹೋದಳು. ಅಲ್ಲಿ ಗೂಡು ನೇಯುವ ಗೀಜಗ ಹಕ್ಕಿ ಹೆಡ್‌ಫೋನನ್ನೂ ನೇಯುತ್ತಿತ್ತು. ತೆಳ್ಳನೆಯ ಹುಲ್ಲಿನ ಪಟ್ಟಿ, ಎರಡೂ ತುದಿಗೆ ಬೂರುಗದ ಹತ್ತಿಯ ಮೆತ್ತೆ. ನೋಡಲು ಏನೂ ಅಂದವಿಲ್ಲ. ಬೆಲೆ ಒಂದು ಹಿಡಿ ಹುಲ್ಲಿನ ಬೀಜ.

"ಮೊದಲೇ ಹೇಳಿಬಿಡ್ತೀನಿ ತಾಯಿ," ಎಂದಿತು ಗೀಜಗ, "ಇದರಲ್ಲಿ ಹೊರಗಿನ ಸದ್ದೂ ಕೇಳಿಸುತ್ತೆ. ಆಮೇಲೆ ನನ್ನ ಬೈಬೇಡ."

ಚೆಲುವಿ ಹಾಕಿಕೊಂಡು ನೋಡಿದಳು. ಕಿವಿ ನೆಟ್ಟಗೇ ನಿಂತವು. ಕಥೆಯೂ ಕೇಳಿಸಿತು, ಹೊಳೆಯ ಜುಳುಜುಳುವೂ ಕೇಳಿಸಿತು. ಕುಣಿದಳು, ನೆಗೆದಳು, ಹಾಕಿಕೊಂಡಿರುವುದೇ ಮರೆತುಹೋಯಿತು.

"ದಿನಾ ಹಾಕ್ಕೊಳ್ಳೋಕೆ ಇದೇ ಸರಿ ಗೀಜಣ್ಣ" ಎಂದು ಬೀಜ ಕೊಟ್ಟು ಬಂದಳು.

ಬೋರಣ್ಣ ಬಿದ್ದು ಬಿದ್ದು ನಕ್ಕ. "ಏನಮ್ಮ ಇದು, ತಲೆ ಮೇಲೆ ಹಕ್ಕಿಗೂಡು ಹೊತ್ಕೊಂಡು ಬಂದಿದ್ದೀಯ?"

"ನಗು ನಗು, ನನ್ನ ಕತ್ತಂತೂ ನೋಯ್ತಿಲ್ಲ" ಎಂದಳು ಚೆಲುವಿ.

ಮರುದಿನ ಮಧ್ಯಾಹ್ನ ಇಬ್ಬರೂ ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದರು. ಕಥೆ ರಂಗೇರಿತ್ತು. ರಾಜಕುಮಾರಿ ಇನ್ನೇನು ಬಾಗಿಲು ತೆರೆಯಬೇಕು, ಅಷ್ಟರಲ್ಲಿ ಚೆಲುವಿಯ ಕಿವಿಗೆ ಬೇರೇನೋ ಬಿತ್ತು.

ಚರ್.

ಅವಳು ತಲೆಯೆತ್ತಿದಳು. ಮತ್ತೆ ಚರ್, ಚರ್. ಮರದ ಮರೆಯಿಂದ ನರಿ ಬರುತ್ತಿದ್ದ. ಕದ್ದು ಬರುವ ಕಷ್ಟವನ್ನೇನೂ ಪಡದೆ, ನೇರ ಬೋರಣ್ಣನ ಬೆನ್ನ ಹಿಂದಕ್ಕೇ ಬರುತ್ತಿದ್ದ!

"ಬೋರಣ್ಣಾ, ಓಡು!" ಎಂದು ಚೆಲುವಿ ಕಿರುಚಿದಳು. ಬೋರಣ್ಣ ಹಾಯಾಗಿ ಹುಲ್ಲು ಜಗಿಯುತ್ತಿದ್ದ. ಚೆಲುವಿ ಒಬ್ಬಳೇ ಓಡಿಹೋಗಿಬಿಡಬಹುದಿತ್ತು. ಆದರೆ ಅವಳು ನರಿಯ ಎದುರಿಗೇ ನುಗ್ಗಿ, ಬೋರಣ್ಣನ ತಲೆಯಿಂದ ಹೆಡ್‌ಫೋನ್ ಕಿತ್ತೆಸೆದಳು.

"ಹಿಂದೆ ನರಿ!"

ಇಬ್ಬರೂ ಬಾಣದಂತೆ ಓಡಿ ಆನೆದಾರಿ ಹಿಡಿದರು. ನೀರಿಗೆಂದು ಹಿಂಡಿನೊಡನೆ ಬರುತ್ತಿದ್ದ ಆನೆಯಜ್ಜಿ ಎದುರಾದಳು. ಏದುಸಿರು ಬಿಡುತ್ತಾ ಎಲ್ಲವನ್ನೂ ಹೇಳಿದರು.

ಇತ್ತ ಹಸಿದ ನರಿ ಬೆನ್ನಟ್ಟಲಾರದೆ ಅಲ್ಲೇ ಕುಕ್ಕರಿಸಿದ. ಕಾಲ ಬಳಿ ಬೋರಣ್ಣನ ರೇಡಿಯೊ, ತಾನೇ ಮಾರಿದ ಹೆಡ್‌ಫೋನ್ ಎರಡೂ ಬಿದ್ದಿದ್ದವು. "ಊಟವಂತೂ ಹೋಯ್ತು, ಕಥೆಯಾದ್ರೂ ಕೇಳೋಣ" ಎಂದು ಹಾಕಿಕೊಂಡ. ರಾಜಕುಮಾರಿ ಬಾಗಿಲು ತೆರೆದಳು. ನರಿ ಕಣ್ಣು ಮುಚ್ಚಿ ತಲೆದೂಗಿದ.

ಆನೆಗಳ ಕಾಲಡಿ ಒಣ ಎಲೆಗಳು ತಮಟೆ ಬಾರಿಸಿದಂತೆ ಸದ್ದು ಮಾಡಿದವು. ಮರದ ಹಕ್ಕಿಗಳೆಲ್ಲ ಹಾರಿದವು. ಇಡೀ ಕಾಡಿಗೆ ಕೇಳಿಸಿದ್ದು ನರಿಯೊಬ್ಬನಿಗೆ ಮಾತ್ರ ಕೇಳಿಸಲಿಲ್ಲ.

ಆನೆಯಜ್ಜಿ ಅವನ ಬಾಲ ಹಿಡಿದು ಮೇಲೆತ್ತಿದಳು. "ಕಥೆ ಚೆನ್ನಾಗಿತ್ತೇನಪ್ಪ?" ಎಂದು ಕೇಳಿ, ಕೆಸರಿನಲ್ಲಿ ಚೆನ್ನಾಗಿ ಅದ್ದಿ, ಹೊಳೆಯಾಚೆಗೆ ಎಸೆದಳು. ನರಿ ಮತ್ತೆ ಆ ಕಾಡಿನ ಕಡೆ ತಲೆ ಹಾಕಲಿಲ್ಲ.

ನರಿಯ ಅಂಗಡಿಯಲ್ಲಿದ್ದ ಬೋರಣ್ಣನ ಗೆಣಸು ಅವನಿಗೆ ವಾಪಸು ಸಿಕ್ಕಿತು. ಅದರಲ್ಲಿ ದಪ್ಪನೆಯದನ್ನು ಆರಿಸಿ ಚೆಲುವಿಯ ಮುಂದಿಟ್ಟ. ಆಮೇಲೆ ಒಂದು ಹಿಡಿ ಹುಲ್ಲಿನ ಬೀಜ ಹಿಡಿದು ಗೀಜಗನ ಹತ್ತಿರ ಹೊರಟ.

ಮರುದಿನ ಮಧ್ಯಾಹ್ನ ಹುಲ್ಲುಗಾವಲಿನಲ್ಲಿ ಎರಡು ಹಕ್ಕಿಗೂಡುಗಳು ಅಕ್ಕಪಕ್ಕ ಕುಳಿತು ಕಥೆ ಕೇಳುತ್ತಿದ್ದವು. ಎಲ್ಲೋ ಒಂದು ಎಲೆ ಚರ್ ಎಂದಿತು. ಇಬ್ಬರೂ ಒಟ್ಟಿಗೇ ತಲೆಯೆತ್ತಿದರು. ಬರೀ ಗಾಳಿ. ನಕ್ಕು ಮತ್ತೆ ಮೇಯತೊಡಗಿದರು.

ನೀತಿ: ಕೊಳ್ಳುವ ವಸ್ತುವಿನ ಥಳಕು ನೋಡಿ ಮರುಳಾಗಬಾರದು, ದಿನನಿತ್ಯದ ಬಾಳಿಗೆ ಒಗ್ಗುವುದನ್ನೇ ಆರಿಸಬೇಕು. ಇನ್ನೊಬ್ಬರ ಕಿವಿ ಮುಚ್ಚಲು ಹೊರಟವನು ತನ್ನ ಕೇಡನ್ನು ತಾನೇ ತಂದುಕೊಳ್ಳುತ್ತಾನೆ.