ಜಕ್ಕವ್ವ ನೆಕ್ಕಿ ನೋಡಿದ ಬಟ್ಟೆ

ಲಂಟಾನ ಪೊದೆಗಳೇ ತುಂಬಿದ ಒಂದು ಕಾಡಿನಲ್ಲಿ ಜಕ್ಕವ್ವ ಎಂಬ ಕರಡಿ ಇದ್ದಳು. ಅವಳ ಮನೆ ನಡೆಯುತ್ತಿದ್ದುದು ಜೇನಿನಿಂದ. ಜೇನಿದ್ದುದು ಮುಳ್ಳಿನ ನಟ್ಟನಡುವೆ. ಗಂಡ ತೆಳು ಚಡ್ಡಿ ಹಾಕಿಕೊಂಡು ಒಳನುಗ್ಗಿ, ತೊಡೆ ತುಂಬ ಮುಳ್ಳು ಚುಚ್ಚಿಸಿಕೊಂಡು ಮಲಗಿ ತಿಂಗಳಾಗಿತ್ತು. ಇನ್ನು ಜಕ್ಕವ್ವನೇ ಹೋಗಬೇಕು. ಅವಳೂ ಮಲಗಿದರೆ ಎರಡು ಮರಿಗಳಿಗೆ ಉಪವಾಸವೇ ಗತಿ. "ಗಟ್ಟಿ ಬಟ್ಟೆ ಬೇಕು" ಎಂದು ಅವಳು ಕಾಡೆಲ್ಲ ಹೇಳಿಕೊಂಡು ಬಂದಳು.

ಕೇಳಿದ್ದೇ ತಡ, ಚೆನ್ನಿಗಪ್ಪ ಎಂಬ ನರಿ ಗಂಟು ಹೊತ್ತು ಹಾಜರಾದ.

"ನೋಡಕ್ಕ, ಹೆಂಗೆ ಹೊಳೀತದೆ! ಮುಟ್ಟಿ ನೋಡು, ಹಲಗೆ ಇದ್ದಂಗದೆ. ಮುಳ್ಳೇ ನಾಚ್ಕೊಂಡು ವಾಪಸ್ ಹೋಗ್ತದೆ!"

ಬಟ್ಟೆ ನಿಜಕ್ಕೂ ಸೆಟೆದುಕೊಂಡಿತ್ತು. ಆದರೆ ಕರಡಿಗಳಿಗೆ ಒಂದು ಚಟ, ಕಂಡದ್ದನ್ನೆಲ್ಲ ನೆಕ್ಕಬೇಕು. ಜಕ್ಕವ್ವ ಲೊಚ್ಚನೆ ನೆಕ್ಕಿದಳು. ನೆಕ್ಕಿದ ಜಾಗ ಒದ್ದೆ ಬೆಕ್ಕಿನ ಬಾಲದಂತೆ ಜೋತುಬಿತ್ತು. ಬಿಸಿಲಿಗೆ ಹಿಡಿದರೆ ಆಚೆ ನಿಂತ ನರಿಯ ಮೀಸೆ ಎಣಿಸಬಹುದಿತ್ತು.

"ಏನಪ್ಪಾ, ಬಟ್ಟೆ ಮಾರ್ತೀಯೋ ಗಂಜಿ ಮಾರ್ತೀಯೋ? ಉಪ್ಪು ಕಮ್ಮಿ ಅದೆ."

ನರಿ ಹಲ್ಲು ಕಿರಿದ. ಅವನು ಗಂಟು ಕಟ್ಟಲು ಬಳಸಿದ್ದ ಬಟ್ಟೆಯನ್ನು ಜಕ್ಕವ್ವ ನೋಡಿದಳು. ಮಣ್ಣಿನ ಬಣ್ಣ, ಒರಟು ನೂಲು, ಒತ್ತೊತ್ತಾದ ನೇಯ್ಗೆ. ಓರೆಯಾಗಿ ಜಗ್ಗಿದಳು. ಜಗ್ಗಲಿಲ್ಲ. ನೆಕ್ಕಿದಳು. ಧೂಳು ಬಿಟ್ಟರೆ ಬೇರೆ ರುಚಿಯಿರಲಿಲ್ಲ.

"ಇದನ್ನ ಕೊಡು."

"ಅಯ್ಯೋ, ಅದು ಮಾರೋದಲ್ಲ! ಆರು ವರ್ಷದಿಂದ ಇದೇ ಮುಳ್ಳಲ್ಲಿ ಎಳ್ಕೊಂಡು ತಿರುಗ್ತಿದೀನಿ, ಒಂದು ಎಳೆ ಅಲ್ಲಾಡಿಲ್ಲ!" ಎಂದವನು ನಾಲಿಗೆ ಕಚ್ಚಿಕೊಂಡ.

"ಹಂಗೋ? ಹೊಳೆಯೋದನ್ನ ನೀನೇ ಉಟ್ಕೊಂಡು ಆ ಪೊದೆ ದಾಟಿ ತೋರ್ಸು. ದಾಟಿದ್ರೆ ಅಷ್ಟೂ ನಾನೇ ತಗೋತೀನಿ."

ಆಸೆಬುರುಕ ನರಿ ಉಟ್ಟು ನುಗ್ಗಿದ. ಮೂರನೇ ಹೆಜ್ಜೆಗೆ ಪರ್ರೆಂದಿತು. ಬಟ್ಟೆ ಮುಳ್ಳಿನ ಪಾಲಾಯಿತು, ಅಂಡು ಗಾಳಿಯ ಪಾಲಾಯಿತು.

"ಅಕ್ಕಾ, ಈಚೆ ಎಳ್ಕೋ! ಗಂಟಿನ ಬಟ್ಟೆ ನಿಂಗೇ!" ಎಂದು ಮುಳ್ಳಿನಲ್ಲಿ ಸಿಕ್ಕಿಕೊಂಡ ನರಿ ಕೂಗಿದ.

ಜಕ್ಕವ್ವ ಒರಟು ಬಟ್ಟೆಯನ್ನು ಬಿಗಿಯಾಗಿ ಕಚ್ಚೆ ಹಾಕಿದಳು. ಗಂಡನ ತೊಡೆ ನೆನೆದು ಕಚ್ಚೆಯನ್ನು ಇನ್ನೊಮ್ಮೆ ಜಗ್ಗಿ ನೋಡಿದಳು. ಒಳಹೊಕ್ಕು ನರಿಯ ಕಿವಿ ಹಿಡಿದು ಎಳೆದು ತಂದಳು. ಹೊರಬಂದು ನೋಡಿಕೊಂಡರೆ ಒಂದು ಗೀರೂ ಇಲ್ಲ! ಅವಳಿಗೆ ಅಳು ಬರುವಷ್ಟು ಸಂತೋಷವಾಯಿತು.

"ಜೇನು ಇಳಿಸಿದ ಮೇಲೆ ಬಾ, ನಿನ್ನ ಬಟ್ಟೆಗೆ ಒಂದು ಹುಟ್ಟಿ ಕೊಡ್ತೀನಿ" ಎಂದಳು.

ಚೆನ್ನಿಗಪ್ಪನಿಗೆ ಜೇನು ಬೇಕಿರಲಿಲ್ಲ, ಮರ್ಯಾದೆ ಬೇಕಿತ್ತು. ಹಿಂಭಾಗ ಯಾರಿಗೂ ಕಾಣದಿರಲೆಂದು ಹಿಂದೆ ಹಿಂದೆಯೇ ನಡೆಯುತ್ತ ಹೊರಟ. ಹತ್ತು ಮಾರು ಹೋಗುವಷ್ಟರಲ್ಲಿ ಇನ್ನೊಂದು ಪೊದೆಯ ಮೇಲೆ ಕೂತೇಬಿಟ್ಟ.

ನೀತಿ: ದುಡಿಯಲು ಉಡುವ ಬಟ್ಟೆಯನ್ನು ಹೊಳಪು ನೋಡಿ ಕೊಳ್ಳಬಾರದು; ಮಾರುವವನು ತನ್ನ ಕೆಲಸಕ್ಕೆ ಯಾವುದನ್ನು ಬಳಸುತ್ತಾನೆಂದು ನೋಡಿ ಕೊಳ್ಳಬೇಕು.