ಮಧ್ಯಾಹ್ನ ಬೇಗ ಮುಳುಗುವ ಬಟ್ಟಲು

ಕಾಲು ಒದರಬೇಡ, ಸುಮ್ನೆ ಹೊದ್ದುಕೋ. ಹೂಂಗುಟ್ಟಬೇಕು ಮತ್ತೆ, ಇಲ್ಲಾಂದ್ರೆ ನಾನು ಗೋಡೆಗೆ ಕತೆ ಹೇಳಿದಂಗಾಗುತ್ತೆ. ಒಂದಾನೊಂದು ಕಾಲದಲ್ಲಿ, ಯಾರ ಮನೇಲೂ ಗಡಿಯಾರ ಅನ್ನೋದೇ ಇಲ್ಲದ ಕಾಲದಲ್ಲಿ, ಒಂದು ಊರಿತ್ತಂತೆ, ಊರ ಮುಂದೆ ಒಂದು ಕೆರೆ ಇತ್ತಂತೆ. ಆ ಕೆರೆ ನೀರನ್ನ ಗದ್ದೆಗಳಿಗೆ ಹಂಚೋ ನೀರುಗಂಟಿ ಓಬಳಯ್ಯ. ಅವನಿಗೆ ಮೂರು ಮಕ್ಕಳು, ದೊಡ್ಡೋನು ಹಾಲ, ನಡುವಿನೋನು ಬೊಮ್ಮ, ಕೊನೆಯೋಳು ಪಾತಿ. ಹೊತ್ತು ಹುಟ್ಟಿದ್ರೆ ಸಾಕು, ಮೂವರೂ ಕೆರೆ ಏರಿ ಮೇಲೆ. ಕಪ್ಪೆ ಎಷ್ಟು ದೂರ ನೆಗೆಯುತ್ತೆ, ಬಿಲ್ಲೆಗಲ್ಲು ನೀರ ಮೇಲೆ ಎಷ್ಟು ಸಲ ಕುಪ್ಪಳಿಸುತ್ತೆ, ಇದೇ ಅವರ ಕಸುಬು. ನಿನ್ನ ಥರಾನೇ, ಮುಟ್ಟಬೇಡ ಅಂದಿದ್ದನ್ನೇ ಮುಟ್ಟೋ ಜಾತಿ.

ಗಡಿಯಾರ ಇಲ್ದೆ ನೀರು ಹೆಂಗೆ ಅಳೀತಿದ್ದ ಅಂತೀಯಾ? ಹೇಳ್ತೀನಿ ತಡಿ. ಏರಿ ಮೇಲೆ ಒಂದು ಕರೀ ಕಲ್ಲಿನ ಬಾನಿ ಇತ್ತಂತೆ, ಅದರ ತುಂಬ ನೀರು. ಆ ನೀರಲ್ಲಿ ಒಂದು ತಾಮ್ರದ ಬಟ್ಟಲು ತೇಲಿ ಬಿಡೋದು, ಬಟ್ಟಲ ತಳದಲ್ಲಿ ಸೂಜಿ ಮೊನೆಯಷ್ಟು ತೂತು. ತೂತಲ್ಲಿ ನೀರು ಜಿನುಗಿ ಜಿನುಗಿ ತುಂಬಿ, ಬಟ್ಟಲು ಗುಳುಕ್ ಅಂತ ಮುಳುಗಿದಾಗ ಓಬಳಯ್ಯ ಜಾಗಟೆ ಬಾರಿಸ್ತಿದ್ನಂತೆ. ಅಷ್ಟು ಹೊತ್ತು ಕೆರೆಯಿಂದ ಒಬ್ಬರ ಗದ್ದೆಗೆ ಹರಿದಿದ್ದು ಒಂದು ಬಟ್ಟಲು ನೀರು ಅಂತ ಲೆಕ್ಕ. ಊರ ಗೌಡ್ರಿಗೆ ಬೆಳಗಿನ ಆರು ಬಟ್ಟಲು, ಗಂಡ ಇಲ್ಲದ ಚಿತ್ತಮ್ಮಂಗೆ ನಡುಮಧ್ಯಾಹ್ನದ ಆರು ಬಟ್ಟಲು. ತಾತನ ಕಾಲದಿಂದ ಬಂದ ಸರದಿ ಅದು. ಇನ್ನೊಂದು ಕಟ್ಟಳೆ ಏನಪ್ಪಾ ಅಂದ್ರೆ, ಹೊತ್ತು ಮೂಡೋಕೆ ಮುಂಚೆ ಬಾನಿ ತುಂಬಿ, ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿದ್ರೆ, ಹೊತ್ತು ಮುಳುಗೋವರೆಗೂ ಆ ನೀರನ್ನ ಯಾರೂ ಚೆಲ್ಲೋ ಹಂಗಿಲ್ಲ. ಗಂಗಮ್ಮ ಕೂತಿರ್ತಾಳೆ ಅಂತ.

ಹಿಂಗಿರಬೇಕಾದ್ರೆ ಒಂದಿನ ಚಿತ್ತಮ್ಮ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಏರಿ ಹತ್ತಿ ಬಂದ್ಲಂತೆ. ಓಬಳಯ್ಯ, ನನ್ನ ಹೊಟ್ಟೆ ಮೇಲೆ ಹೊಡೀತಿದ್ದೀಯ ನೀನು, ಗೌಡ್ರ ಸರದಿಲಿ ಒಂದು ಜಾಗಟೆಯಿಂದ ಇನ್ನೊಂದು ಜಾಗಟೆಯೊಳಗೆ ನಾನು ಒಂದು ಸೇರು ರಾಗಿ ಬೀಸಿ ಮುಗಿಸ್ತೀನಿ, ನನ್ನ ಸರದಿಲಿ ಬೀಸೋಕೆ ಕೂತ್ರೆ ಇನ್ನೂ ಒಂದು ಹಿಡಿ ಉಳಿದಿರುತ್ತೆ, ಅಷ್ಟರಲ್ಲಿ ಢಣ್ ಅನ್ನಿಸ್ತೀಯ, ನನ್ನ ಗದ್ದೆ ಕೊನೇ ಸಾಲಿಗೆ ನೀರೇ ಮುಟ್ಟಲ್ಲ, ಬೆರಳಲ್ಲಿ ಒತ್ತಿ ಬಟ್ಟಲು ಮುಳುಗಿಸ್ತೀಯ ಅಂದ್ಲಂತೆ. ಪಂಚಾಯ್ತಿ ಸೇರ್ತು. ಬಿಸಿಲಿಗೆ ರಟ್ಟೆ ಸೋತಿರುತ್ತೆ ಕಣಮ್ಮ, ಅದಕ್ಕೇ ರಾಗಿ ಉಳಿಯುತ್ತೆ ಅಂತ ಕೆಲವರು, ಇಲ್ಲ ಮೋಸಾನೇ ಅಂತ ಕೆಲವರು. ಕೊನೆಗೆ ಗೌಡ್ರು, ಓಬಳಯ್ಯ, ನಿಂಗೆ ಮೂರು ದಿನ ಗಡುವು, ನಿನ್ನ ಕೈ ಶುದ್ಧ ಅಂತ ತೋರಿಸು, ಇಲ್ಲಾಂದ್ರೆ ಬಟ್ಟಲು ಕೆಳಗಿಟ್ಟು ಊರು ಬಿಡು ಅಂದ್ರಂತೆ. ಓಬಳಯ್ಯ ಮನೆಗೆ ಬಂದೋನು ಮುದ್ದೆ ಮುಂದೆ ಕೂತ್ಕೊಂಡು ಅತ್ತುಬಿಟ್ನಂತೆ. ಅಪ್ಪ ಅಳೋದನ್ನ ಆ ಮಕ್ಕಳು ಯಾವತ್ತೂ ನೋಡಿರಲಿಲ್ಲ.

ಮೊದಲನೇ ದಿನ ಹಾಲ, ಯಾರೋ ಕಿಡಿಗೇಡಿಗಳು ಬಂದು ಬಟ್ಟಲು ಮುಟ್ತಾರೆ, ಹಿಡೀತೀನಿ ನೋಡು ಅಂತ ಹೊಂಗೆ ಮರ ಹತ್ತಿ ಕೂತ್ನಂತೆ. ಬೆಳಗಿಂದ ಸಂಜೆವರೆಗೂ ಕೂತ. ಒಂದು ನರಪಿಳ್ಳೆನೂ ಬರಲಿಲ್ಲ, ಕಟ್ಟಿರುವೆ ಕಚ್ಚಿ ತೊಡೆ ಊದಿಕೊಂಡಿದ್ದೇ ಬಂತು. ನಗಬೇಡ, ಪಾಪ.

ಆಮೇಲೆ ಎರಡನೇ ದಿನ ಬೊಮ್ಮ, ತೂತಲ್ಲೇ ಏನೋ ಇದೆ ಅಂತ, ಕುದುರೆ ಬಾಲದ ಕೂದಲು ತಂದು ಬೆಳಿಗ್ಗೆ ತೂರಿಸಿ ನೋಡಿದ, ಮಧ್ಯಾಹ್ನ ತೂರಿಸಿ ನೋಡಿದ, ತೂತು ಅಷ್ಟೇ ಇತ್ತಂತೆ. ಹೋಗಿ ಚಿತ್ತಮ್ಮನ ರಾಗಿಕಲ್ಲು ನೋಡಿದ್ರೆ ಒಂದು ಹಿಡಿ ರಾಗಿ ಹಂಗೇ ಉಳಿದಿದೆ! ಚಿತ್ತಮ್ಮ, ನೋಡಪ್ಪಾ ನಿಮ್ಮಪ್ಪನ ನಿಯತ್ತು ಅಂದ್ಲಂತೆ. ಬೊಮ್ಮ ತಲೆ ತಗ್ಗಿಸಿಕೊಂಡು ಬಂದ.

ಮೂರನೇ ದಿನ ಬೆಳಗಿನ ಚಳಿಲಿ ಅವರವ್ವ ಪಾತಿಗೆ ಎಣ್ಣೆ ಹಚ್ಚೋಕೆ ಕೂತ್ಲಂತೆ. ಹರಳೆಣ್ಣೆ ಕುಡಿಕೆ ಬಗ್ಗಿಸಿದ್ರೆ ಎಣ್ಣೆ ಬರ್ತಾನೇ ಇಲ್ಲ, ಮಂದಕ್ಕೆ ಕೂತುಬಿಟ್ಟಿದೆ. ಅವ್ವ ಕೆಂಡದ ಪಕ್ಕ ಇಟ್ಟು ತೆಗೆದ್ರೆ ಅದೇ ಎಣ್ಣೆ ಸುರ್ ಅಂತ ಸುರೀತು. ಪಾತಿ ನೋಡಿದ್ಲು. ಅವ್ವಾ, ಬಿಸಿಯಾದ್ರೆ ಎಣ್ಣೆ ಓಡುತ್ತೆ, ನೀರೂ ಓಡುತ್ತಾ ಅಂತ ಕೇಳಿದ್ಲಂತೆ. ಅಣ್ಣಂದಿರು ಬಿದ್ದು ಬಿದ್ದು ನಕ್ರು, ನೀರು ಯಾವಾಗ್ಲೂ ನೀರೇ ಕಣೇ ಪೆದ್ದಿ ಅಂತ. ಪಾತಿ ಅರ್ಧ ಎಣ್ಣೆ ತಲೆಲೇ ಏರಿಗೆ ಓಡಿ ಬಾನಿಗೆ ಕೈ ಇಟ್ಟಳು, ತಣ್ಣಗೆ ಕೊರೀತು. ಮಧ್ಯಾಹ್ನ ಇಟ್ಟಳು, ಅಬ್ಬಬ್ಬಾ, ಕರೀ ಕಲ್ಲು ಕಾದು ನೀರು ಸ್ನಾನಕ್ಕೆ ಹದವಾಗಿತ್ತಂತೆ!

ಅಷ್ಟೊತ್ತಿಗೆ ಊರೋರೆಲ್ಲ ಏರಿ ಮೇಲೆ ಸೇರಿದ್ರು. ಓಬಳಯ್ಯ ಆಗ್ಲೇ ಬಟ್ಟಲು ಒಪ್ಪಿಸೋಕೆ ಕೈಲಿ ಹಿಡ್ಕೊಂಡು ನಿಂತಿದ್ನಂತೆ. ಪಾತಿ ಅಡ್ಡ ಬಂದು, ಗೌಡಜ್ಜ, ನೀರು ಬಿಸಿಯಾದ್ರೆ ಬಟ್ಟಲು ಬೇಗ ತುಂಬುತ್ತೆ, ಒಂದು ಸಲ ನೋಡಿ ಅಂತ ಕಾಲಿಗೆ ಬಿದ್ಲು. ಬಟ್ಟಲು ಹಾಳಾದ್ರೆ ಇರಲಿ ಅಂತ ಅದೇ ಅಳತೆಗೆ ಮಾಡಿಸಿದ್ದ ಜೋಡಿ ಬಟ್ಟಲು ಮನೇಲಿತ್ತಂತೆ, ಹಾಲ ಅದನ್ನ ತಂದ, ಬೊಮ್ಮ ಬಾವಿಯಿಂದ ತಣ್ಣೀರು ಸೇದಿ ಒಂದು ಅಗಲ ಬಾಯಿ ಮಡಕೆಗೆ ತುಂಬಿದ. ಒಂದು ಬಟ್ಟಲು ಬಾನಿಗೆ, ಒಂದು ಮಡಕೆಗೆ, ಒಟ್ಟಿಗೇ ಬಿಟ್ರು. ಬಾನಿದು ಗುಳುಕ್ ಅಂತು, ಮಡಕೇದು ಇನ್ನೂ ತೇಲ್ತಾನೇ ಇತ್ತಂತೆ. ಚಿತ್ತಮ್ಮ, ಬಟ್ಟಲಲ್ಲೇ ಮೋಸ ಇರುತ್ತೆ, ಅದಲು ಬದಲು ಮಾಡಿ ಅಂದ್ಲು. ಮಾಡಿದ್ರು, ಅವಳ ಕೈಲೇ ಬಿಡಿಸಿದ್ರು. ಮತ್ತೆ ಬಾನಿದೇ ಮೊದಲು ಮುಳುಗ್ತು.

ಹಂಗಾದ್ರೆ ಬಾನೀಲೇ ದೋಷ ಅಂತ ಯಾರೋ ಗೊಣಗಿದ್ರಂತೆ. ಪಾತಿ, ಬಾನಿ ನೀರು ಚೆಲ್ಲಿ ತಣ್ಣೀರು ತುಂಬಿ ನೋಡೋಣ ಅಂದ್ಲು. ಎಲ್ರೂ ಹೌಹಾರಿದ್ರು. ಪೂಜೆ ಮಾಡಿದ ನೀರು ನಡುಹಗಲಲ್ಲಿ ಚೆಲ್ಲೋದಾ! ಆಗ ಪಾತಿ ಏನಂದ್ಲು ಗೊತ್ತಾ? ನೆಲಕ್ಕೆ ಯಾಕೆ ಚೆಲ್ಲಬೇಕು ಗೌಡಜ್ಜ, ಚಿತ್ತಮ್ಮತ್ತೆ ಗದ್ದೆ ಕಾಲುವೆಗೆ ಬಿಡೋಣ, ಗಂಗಮ್ಮ ಪೈರಿಗೆ ಹೋದ್ರೆ ಬೇಜಾರು ಮಾಡ್ಕೋತಾಳಾ ಅಂದ್ಲಂತೆ. ಗೌಡ್ರು ತಾವೇ ಕಚ್ಚೆ ಬಿಗಿದು ಮೊದಲ ಬಿಂದಿಗೆ ಮೊಗೆದು ಕಾಲುವೆಗೆ ಸುರಿದ್ರಂತೆ. ಕಲ್ಲು ತಣಿಯೋವರೆಗೂ ತೊಳೆದು, ಬಾವಿ ನೀರು ತುಂಬಿ, ಬಾನಿಗೊಂದು ಮಡಕೆಗೊಂದು ಬಟ್ಟಲು ಬಿಟ್ರೆ, ಗುಳುಕ್ ಗುಳುಕ್, ಎರಡೂ ಒಟ್ಟಿಗೇ ಮುಳುಗಿದ್ವು!

ಏರಿ ಮೇಲೆ ಒಂದೇ ಗದ್ದಲ. ಗೌಡ್ರಿಗೆ ನಾಚಿಕೆ ಆಯ್ತು, ಇಷ್ಟು ವರ್ಷ ತಿಳೀದೇ ನಿನ್ನ ಪಾಲಿನ ನೀರು ಉಂಡೆನಲ್ಲ ತಾಯಿ ಅಂತ ಚಿತ್ತಮ್ಮಂಗೆ ಕೈ ಮುಗಿದ್ರಂತೆ. ಬಾನಿ ಮೇಲೆ ಚಪ್ಪರ ಹಾಕಿಸಿ, ಸರದಿಗೊಂದು ಸಲ ಹೊಸ ನೀರು ತುಂಬಬೇಕು ಅಂತ ಕಟ್ಟಳೆ ಮಾಡಿದ್ರು. ಚಿತ್ತಮ್ಮ ಓಬಳಯ್ಯನ ಮುಂದೆ ನಿಂತು, ಅಣ್ಣಾ, ಕಳ್ಳ ಅಂದುಬಿಟ್ಟೆ, ನನ್ನ ನಾಲಿಗೆ ಬಿದ್ದುಹೋಗ ಅಂತ ಅತ್ಲಂತೆ. ಅವನು, ನೀನು ಹೇಳಿದ್ದು ಸುಳ್ಳಲ್ಲ ಕಣವ್ವ, ನೀರು ಕಮ್ಮಿ ಬರ್ತಾನೇ ಇತ್ತು ಅಂದ. ಮಾರನೇ ದಿನ ಚಿತ್ತಮ್ಮನ ಸರದಿ ಬಂದಾಗ ಊರೋರೆಲ್ಲ ಗದ್ದೆ ಬದು ಮೇಲೆ ಸಾಲಾಗಿ ನಿಂತಿದ್ರಂತೆ. ಆರನೇ ಬಟ್ಟಲು ಇನ್ನೂ ತೇಲ್ತಾ ಇರೋವಾಗಲೇ ನೀರು ಮೆಲ್ಲಗೆ ಹರಿದು ಬಂದು ಕೊನೇ ಸಾಲಿನ ಹಳದಿ ಪೈರಿನ ಬುಡಕ್ಕೆ ನಿಂತಿತು. ಚಿತ್ತಮ್ಮ ಕೆಸರಲ್ಲೇ ಕೂತು ಆ ನೀರನ್ನ ಕಣ್ಣಿಗೆ ಒತ್ತಿಕೊಂಡ್ಲಂತೆ.

ಅಲ್ಲಿಂದ ಅವರೆಲ್ಲ ಸುಖವಾಗಿದ್ರು, ಕತೆ ಇಲ್ಲಿಗೆ ಬಂದು ಮಲಗ್ತು. ಏನು? ಬಿಸಿ ನೀರು ಯಾಕೆ ಬೇಗ ಓಡುತ್ತೆ ಅಂತನಾ? ನಂಗೇನು ಗೊತ್ತೋ ಮಾರಾಯ, ನಮ್ಮಜ್ಜಿನೂ ಹೇಳಲಿಲ್ಲ. ಬೆಳಿಗ್ಗೆ ಎದ್ದು ಒಂದು ಲೋಟಕ್ಕೆ ತೂತು ಮಾಡಿಕೊಂಡು ನೀನೇ ನೋಡು, ಗೊತ್ತಾದ್ರೆ ನಂಗೂ ಬಂದು ಹೇಳು.